ಸ್ಟೇರಿಂಗ್ ಹಿಡಿಯದವನ ಮೇಲಿನ ಕೇಸು

ವಿಜಯನಗರ ಜಿಲ್ಲೆಯಾದ ಮರುವರ್ಷದ ಮಾತಿದು. ಕೂಡ್ಲಿಗಿಯಲ್ಲಿ ನಾನು ವಕೀಲಿ ಹಿಡಿದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಮೋಟಾರು ವಾಹನದ ಕೇಸೆಂದರೆ ಕಡತ ತೆರೆಯದೆಯೂ ನಡೆಸುವಷ್ಟು ರೂಢಿ. ಆ ರೂಢಿಯೇ ನನ್ನಿಂದ ತಪ್ಪು ಮಾಡಿಸಿತು.

ಒಂದು ಸೋಮವಾರ ಕೊಟ್ಟೂರಿನ ವ್ಯಾಪಾರಿ ಚನ್ನವೀರಪ್ಪನವರು ತಮ್ಮ ಡ್ರೈವರ್ ಓಬಳೇಶನನ್ನು ಕರೆದುಕೊಂಡು ಆಫೀಸಿಗೆ ಬಂದರು. ಹದಿನೈದು ದಿನದ ಹಿಂದೆ, ಶೇಂಗಾ ಕೀಳಲು ಹೊರಟಿದ್ದ ದುರುಗಮ್ಮ ಎಂಬ ಕೂಲಿ ಹೆಂಗಸಿಗೆ ಅವರ ಕಾರು ಬಡಿದಿತ್ತು. ಆಕೆಯ ಬಲಗಾಲು ಎರಡು ಕಡೆ ಮುರಿದಿತ್ತು. ನಿರ್ಲಕ್ಷ್ಯದ ಚಾಲನೆಯೆಂದು ಓಬಳೇಶನ ಮೇಲೆ ಕೇಸು. ನಾನು ಅವನನ್ನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು ಸಾಹುಕಾರರು.

"ತಪ್ಪು ಒಪ್ಕೊಂತಾನ್ರಿ ಮೇಡಂ. ದಂಡ ನಾನ ಕಟ್ತೀನಿ. ಲಗೂನ ಮುಗಿಸಿಬಿಡ್ರಿ."

ಓಬಳೇಶ ನೆಲ ನೋಡುತ್ತ ನಿಂತಿದ್ದ. ಅವನ ಬಾಯಿಂದ ಒಂದು ಮಾತೂ ಕೇಳದೆ ವಕಾಲತ್ತಿಗೆ ಸಹಿ ಹಾಕಿಸಿಕೊಂಡೆ.

ಕೋರ್ಟಿನ ವಾಯಿದೆಗೆ ನಾಲ್ಕು ದಿನ ಇದ್ದಾಗ ಅವನೊಬ್ಬನೇ ಬಂದ. ಕೈಯಲ್ಲಿ ಆರ್‌ಟಿಒ ಕಚೇರಿಯ ನೋಟಿಸು: ನಿಮ್ಮ ಚಾಲನಾ ಪರವಾನಗಿಯನ್ನು ಏಕೆ ಅಮಾನತು ಮಾಡಬಾರದು?

"ಮೇಡಂ, ಅವತ್ತ ಗಾಡಿ ನಾನು ಹೊಡೆದಿಲ್ರಿ. ಸಾಹುಕಾರ್ರು ಹೊಡೀತಿದ್ರು. ನಾನು ಬಾಜೂಕ ಕುಂತಿದ್ದೆ."

"ಹಾಗಾದರೆ ಯಾಕಪ್ಪ ಒಪ್ಪಿಕೊಂಡೆ?"

"ಸಾಹುಕಾರ್ರು, 'ನನ್ನ ಲೈಸೆನ್ಸ್ ಮುಗಿದೈತಿ, ನಿನ್ನದು ಚಾಲ್ತ್ಯಾಗ ಐತಿ, ನಿನಗೇನೂ ಆಗಂಗಿಲ್ಲ' ಅಂದ್ರು. ಹದಿನೇಳು ವರ್ಷದಿಂದ ಗಾಡಿ ಹೊಡೀತೀನ್ರಿ, ಒಂದು ಕೇಸಿಲ್ಲ. ಈ ಕಾರ್ಡೂ ಹೋದ್ರ ನಾನೇನು ಮಾಡ್ಲಿ?"

ಸಾಹುಕಾರರ ಲೈಸೆನ್ಸಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ನವೀಕರಿಸಲು ವೈದ್ಯರ ಪ್ರಮಾಣಪತ್ರ ಬೇಕು, ಅವರ ಕಣ್ಣಿಗೆ ಪೊರೆ ಬಂದಿತ್ತು. ಲೈಸೆನ್ಸ್ ಇಲ್ಲದವರು ಓಡಿಸಿದ್ದೆಂದು ತಿಳಿದರೆ ವಿಮಾ ಕಂಪನಿ ಪರಿಹಾರದ ಹಣವನ್ನು ಮಾಲೀಕನ ತಲೆಗೇ ಕಟ್ಟುತ್ತದೆ. ಅಪಘಾತವಾದಾಗ ವಾಹನ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಮಾಲೀಕನನ್ನು ನೋಟಿಸು ಕೊಟ್ಟು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 133ನೇ ಕಲಮು ಅದು. ಆ ನೋಟಿಸಿಗೆ ಚನ್ನವೀರಪ್ಪನವರು ಸ್ವಂತ ಕೈಯಿಂದ ಓಬಳೇಶನ ಹೆಸರು ಬರೆದು ಸಹಿ ಹಾಕಿದ್ದರು. ತನಿಖಾಧಿಕಾರಿ ಅದನ್ನೇ ಸತ್ಯವೆಂದುಕೊಂಡು ಕಡತ ಕಟ್ಟಿದ್ದ. ನಮ್ಮ ಕಡೆ ಇದಕ್ಕೆ 'ಅಡ್ಜಸ್ಟ್' ಅನ್ನುತ್ತಾರೆ. ಸುಳ್ಳು ಅಂತ ಯಾರೂ ಅನ್ನುವುದಿಲ್ಲ.

ನನಗೆ ಮೈ ಉರಿಯಿತು. ಲೈಸೆನ್ಸ್ ಇಲ್ಲದವರು ದಿನಾ ಕಾರಿನಲ್ಲಿ ಓಡಾಡುತ್ತಿದ್ದರು, ಇದ್ದವನು ಅದನ್ನು ಕಳೆದುಕೊಳ್ಳಲಿದ್ದ. ಈ ಸುಳ್ಳಿಗೆ ಕೊನೆಯ ಮುದ್ರೆ ಒತ್ತಲು ಹೊರಟಿದ್ದವಳು ನಾನೇ ಎಂಬುದು ಅದಕ್ಕಿಂತ ಹೆಚ್ಚು ಸುಟ್ಟಿತು. ಓಬಳೇಶ ತಪ್ಪೊಪ್ಪಿಕೊಳ್ಳುವುದಿಲ್ಲ ಎಂದು ಸಾಹುಕಾರರಿಗೆ ಫೋನಿನಲ್ಲಿ ಹೇಳಿದೆ.

"ನಿಮ್ಮನ್ನ ಹಿಡಿದಾವ ನಾನ್ರಿ ಮೇಡಂ!"

"ವಕಾಲತ್ತಿನಲ್ಲಿ ಸಹಿ ಅವನದು" ಎಂದೆ.

ಮರುದಿನವೇ ಅವನನ್ನು ಕೆಲಸದಿಂದ ತೆಗೆದರು. ನೋಟಿಸಿಗೆ ನಾನು ಬರೆದ ಉತ್ತರ ಫಲಿಸಲಿಲ್ಲ, ಲೈಸೆನ್ಸು ಆರು ತಿಂಗಳು ಅಮಾನತಾಯಿತು. ಹದಿನೇಳು ವರ್ಷ ಸ್ಟೇರಿಂಗ್ ಹಿಡಿದವನು ಹರಪನಹಳ್ಳಿಯ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲ ಹೊತ್ತ.

ಸಾಕ್ಷಿ ವಿಚಾರಣೆ ಶುರುವಾದದ್ದು ಎಂಟು ತಿಂಗಳ ಮೇಲೆ. ದುರುಗಮ್ಮ ಕೋಲೂರಿಕೊಂಡು ಬಂದು ಕಟಕಟೆ ಹತ್ತಿದಳು. ಸರ್ಕಾರಿ ವಕೀಲರು ಓಬಳೇಶನನ್ನು ತೋರಿಸಿ, ಕಾರು ಓಡಿಸುತ್ತಿದ್ದವನು ಇವನೇ ತಾನೆ ಎಂದು ಕೇಳಿದರು.

"ಇವ ಅಲ್ರಿ. ಇವ ನನ್ನ ಎತ್ತಿಕೊಂಡು ಆಸ್ಪತ್ರಿಗೆ ಒಯ್ದಾವ. ಗುದ್ದಿದಾವ ಒಬ್ಬ ವಯಸ್ಸಾದ ದೊಡ್ಡ ಮನುಷ್ಯಾ. ನಾನು ಬಿದ್ದು ಒದ್ದಾಡಾಕತ್ತಿದ್ರ, ಆತ ಇಳಿದು ಕಾರಿಗೇನಾಗೈತಿ ಅಂತ ನೋಡಾಕತ್ತಿದ್ದ."

ಸರ್ಕಾರಿ ವಕೀಲರು ಕಡತದಲ್ಲಿದ್ದ ಆಕೆಯ ಹೇಳಿಕೆಯನ್ನು ಓದಿದರು. ಅದರಲ್ಲಿ ಓಬಳೇಶನ ಹೆಸರಿತ್ತು.

"ನಾನು ಹಂಗ ಹೇಳಿಲ್ರಿ. ಪೊಲೀಸ್ರು ಬರಕೊಂಡು ಹೋದ್ರು, ನನಗ ಓದಿ ಹೇಳಲಿಲ್ಲ. ಕಾಲು ಮುರಿದೈತ್ರಿ, ಕಣ್ಣು ಹೋಗಿಲ್ಲ."

ಆ ಸರ್ಕಾರಿ ವಕೀಲರು ನ್ಯಾಯವಂತರು. ಆಕೆಯನ್ನು ಸುಳ್ಳುಗಾತಿ ಮಾಡಲು ಹೋಗಲಿಲ್ಲ. ಮಾಲೀಕರನ್ನೇ ಆರೋಪಿಯಾಗಿ ಸೇರಿಸಬೇಕೆಂದು ಅರ್ಜಿ ಹಾಕಿದರು. ಸಮನ್ಸ್ ಹೋಯಿತು. ಕೊನೆಗೆ ಓಬಳೇಶ ಖುಲಾಸೆಯಾದ. ಚನ್ನವೀರಪ್ಪನವರು ತಪ್ಪೊಪ್ಪಿಕೊಂಡು ದಂಡ ಕಟ್ಟಿ, ವರಾಂಡದಲ್ಲಿ ಕೂತಿದ್ದ ದುರುಗಮ್ಮನ ಮುಂದೆಯೇ ಹಾದು ಹೋದರು. ಕಾಲು ಹೇಗಿದೆ ಎಂದು ಕೂಡ ಕೇಳಲಿಲ್ಲ. ಕೇಳಿದವನು ಓಬಳೇಶ.

ಗೆದ್ದೆನೆಂದು ನನಗೆ ಅನ್ನಿಸಲಿಲ್ಲ. ಅಮಾನತಾಗಿದ್ದ ಆರು ತಿಂಗಳನ್ನು ಅವನಿಗೆ ಯಾರೂ ಹಿಂದಿರುಗಿಸಲಿಲ್ಲ. ಸುಳ್ಳು ಹೆಸರು ಬರೆದದ್ದಕ್ಕೆ, ಬರೆದದ್ದನ್ನು ನಂಬಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಆ ಕೇಸಿನಿಂದ ಒಂದು ಪಾಠ ಕಲಿತೆ. ಈಗ ಯಾರೇ ಆರೋಪಿಯನ್ನು ಕರೆತಂದರೂ, ಕರೆತಂದವರನ್ನು ಮೊದಲು ಹೊರಗೆ ಕೂರಿಸಿ ಬಾಗಿಲು ಹಾಕುತ್ತೇನೆ. ಆಮೇಲೆಯೇ ಆರೋಪಿಯ ಜತೆ ಮಾತು. ಹೊರಗೆ ಕೂತ ದೊಡ್ಡವರ ಮುಖ ಗಂಟಾಗುತ್ತದೆ. ಆಗಲಿ.