ಕಣ್ಣು ಮುಚ್ಚಿ ವಾಲ್ವು ಕೂರಿಸುತ್ತಿದ್ದ ನಂಜಣ್ಣ

ವಾಲ್ವಿನ ಸಂದು ಹಿಡಿಯುವಾಗ ನಂಜಣ್ಣ ಮೇಸ್ತ್ರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಂಜಿನ್ನಿನ ನೆತ್ತಿಯ ಮುಚ್ಚಳ ಬಿಚ್ಚಿ, ಸಾಲಾಗಿ ನಿಂತ ವಾಲ್ವುಗಳ ಮೇಲೆ ಬಗ್ಗಿ, ಸಂದು ಅಳೆಯುವ ಗೇಜಿನ ತೆಳ್ಳನೆ ತಗಡನ್ನು ಒಳಗೆ ತೂರಿಸಿ ಮೆಲ್ಲಗೆ ಎಳೆಯುವನು. ತಗಡು ಸಿಕ್ಕಿಕೊಳ್ಳಲೂ ಬಾರದು, ಸಲೀಸಾಗಿ ಜಾರಲೂ ಬಾರದು. "ಕಣ್ಣು ಸುಳ್ಳೇಳ್ತದೆ ಕಣವ್ವ, ಬೆರಳು ಏಳಾಕಿಲ್ಲ" ಅನ್ನುವನು.

ನಮ್ಮ ಮಾವನವರ ಕಾಲದ ಟ್ರಾಕ್ಟರಿಗೆ ಅವನೇ ವೈದ್ಯ. ಕೊಣನೂರಿನಿಂದ ಬೆಳಗಿನ ಮಂಜಿನಲ್ಲೇ ಮೊಪೆಡ್ಡಿನಲ್ಲಿ ಬರುತ್ತಿದ್ದ. ಬಂದವನು ಮೊದಲು ಎಂಜಿನ್ನಿನ ಮೇಲೆ ಅಂಗೈ ಇಡಬೇಕು. ಒಂಚೂರು ಬಿಸಿಯಿದ್ದರೂ ಮುಗಿಯಿತು. "ಯಾವನ್ಲಾ ಓಡುಸ್ದೋನು? ಜ್ವರ ಬಂದಿರೋ ಮೈಗೆ ಅಳತೆ ತಗೀಬೇಕಾ ನಾನು?" ಎಂದು ಮೊಪೆಡ್ಡು ತಿರುಗಿಸಿ ಹೊರಟೇಬಿಡುವನು. ನಾನು ಕೊಟ್ಟ ಕಾಫಿಯನ್ನು ಹೆಗಲ ಟವಲಿನಲ್ಲಿ ಸುತ್ತಿ ಹಿಡಿಯುತ್ತಿದ್ದ. "ಈ ಬೆರಳು ಸುಟ್ರೆ ನಿಮ್ ಟ್ರಾಕ್ಟ್ರು ಸತ್ತಂಗೆ."

ಅವನ ಇನ್ನೊಂದು ಕಟ್ಟಳೆ ಎಂದರೆ, ಟ್ರಾಕ್ಟರಿನ ಯಜಮಾನನೇ ಮುಂದೆ ನಿಂತು ಫ್ಯಾನ್ ಬೆಲ್ಟು ಹಿಡಿದು ಎಂಜಿನ್ ತಿರುಗಿಸಿ ಕೊಡಬೇಕು. ಕೇಳಿದಾಗ ಗೇಜನ್ನು ಅವನ ಕೈಗೆ ಇಡಬೇಕು. ಆಳು ಕೂಡದು. ಎಷ್ಟು ದೊಡ್ಡ ಜಮೀನ್ದಾರನಾದರೂ ಅವತ್ತು ನಂಜಣ್ಣನ ಬಾಯಿಗೆ ಸಿಕ್ಕ ಎತ್ತು. "ತಿರುಗ್ಸು... ಇನ್ನೊಸಿ... ನಿಲ್ಸು! ನಿಲ್ಸು ಅಂದ್ರೆ ನಿಲ್ಸಬೇಕು, ದನವೇ!" ಊರಿನವರು ಜಗಲಿಯಲ್ಲಿ ಕೂತು ನಗುತ್ತಿದ್ದರು. ತಮ್ಮ ಸರದಿ ಬರುವತನಕ.

ನಮ್ಮ ಮನೆಯಲ್ಲಿ ಟ್ರಾಕ್ಟರಿನ ಹೊಣೆ ಹೊತ್ತಿದ್ದವನು ನಮ್ಮ ಯಜಮಾನರ ತಮ್ಮ ಶಿವರಾಜು; ಆಗ ಮದುವೆಯಾದ ಹೊಸದು. ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅದು ಕಂಡಿದ್ದೇ ತಡ, ನಂಜಣ್ಣನ ನಾಲಗೆಗೆ ಸಾಣೆ ಹಿಡಿದಂತಾಯಿತು. "ಲೇ ಮದುವೆಗಂಡೇ, ಒಂದು ಬೆಲ್ಟು ತಿರುಗ್ಸಕ್ಕೆ ಇಷ್ಟು ಏದುಸ್ರು ಬುಡ್ತೀಯಲ್ಲ, ಮಿಕ್ಕಿದ್ ಕೆಲಸಕ್ಕೆ ಆಳಿಟ್ಟಿದ್ದೀಯೇನ್ಲಾ?" ಜಗಲಿಯೆಲ್ಲ ಗೊಳ್ಳೆಂದಿತು. ಹುಡುಗಿಯೂ ಸೆರಗು ಕಚ್ಚಿಕೊಂಡು ನಕ್ಕಳು. ಶಿವರಾಜುವಿನ ಕಿವಿ ಕೆಂಪಗಾಗಿದ್ದು ಈಗಲೂ ನನ್ನ ಕಣ್ಣ ಮುಂದಿದೆ.

ಅವತ್ತು ಕೆಲಸ ಮುಗಿದು ಎಂಜಿನ್ ಓಡಿದಾಗ ಸಣ್ಣಗೆ ಟಕಟಕ ಎನ್ನುತ್ತಿತ್ತು. "ಸದ್ದು ಹೋಗಲಿಲ್ಲವಲ್ಲ ನಂಜಣ್ಣ?" ಎಂದೆ.

"ಇರ್ಬೇಕು ಕಣವ್ವ. ಬೈಯೋ ಅತ್ತೆ, ಟಕಟಕ ಅನ್ನೋ ವಾಲು, ಎರಡೂ ಮನೆ ಉಳಿಸ್ತವೆ. ಸಂದು ಇಲ್ದಂಗೆ ಬಿಗುದ್ರೆ ಸದ್ದೇನೋ ಅಡಗ್ತದೆ. ಆದ್ರೆ ವಾಲು ಪೂರ್ತಿ ಮುಚ್ಚಾಕಿಲ್ಲ. ಒಳಗಿನ ಬೆಂಕಿಗೆ ಸುಟ್ಟು ಕರಕಲಾಯ್ತದೆ. ಸದ್ದು ತಣ್ಣಗಾಯ್ತು ಅಂದ್ರೆ ಎದ್ರುಕೊಬೇಕು."

ವರ್ಷಗಳು ಕಳೆದವು. ನಂಜಣ್ಣನಿಗೆ ಸಕ್ಕರೆ ಕಾಯಿಲೆ ಅಂಟಿತು. ಹೋದ ಮುಂಗಾರಿಗೆ ಮುಂಚೆ ಬಂದಾಗ ಕಾಫಿ ಕೊಟ್ಟೆ. ಒಲೆಯಿಂದ ಆಗತಾನೇ ಇಳಿಸಿದ್ದು, ಸ್ಟೀಲಿನ ಲೋಟ. ಅವನು ಟವಲು ಸುತ್ತಲಿಲ್ಲ. ಬರಿಗೈಯಲ್ಲಿ ಲೋಟವನ್ನು ಮುಷ್ಟಿಯಲ್ಲಿ ಹಿಡಿದು, ಏನೂ ಆಗದವನಂತೆ ಮಾತಾಡುತ್ತಾ ನಿಂತ. ನಾನು ಆ ಬೆರಳುಗಳನ್ನೇ ನೋಡಿದೆ; ಬಿಸಿ ಅವಕ್ಕೆ ತಿಳಿಯುತ್ತಲೇ ಇರಲಿಲ್ಲ. ತಲೆಯೆತ್ತಿದರೆ ಶಿವರಾಜುವೂ ಆ ಲೋಟವನ್ನೇ ನೋಡುತ್ತಿದ್ದ.

ಎಂದಿನಂತೆ ಜಗಲಿ ತುಂಬಿತ್ತು. ಶಿವರಾಜು ಬೆಲ್ಟು ತಿರುಗಿಸಿದ. "ನಿಲ್ಸಲಾ" ಎಂದ ನಂಜಣ್ಣ ಕಣ್ಣು ಮುಚ್ಚಿ ಕೈ ಚಾಚಿದ. "ಗೇಜು."

ಶಿವರಾಜು ಗೇಜನ್ನು ಜೇಬಿಗೆ ಹಾಕಿಕೊಂಡ. ಕಾಲ ಬಳಿ ಬಿದ್ದಿದ್ದ ತೆಂಗಿನ ಗರಿಯಿಂದ ಒಂದು ಸೀಳು ಹರಿದು ಆ ಬೆರಳುಗಳ ನಡುವೆ ಇಟ್ಟ.

ನಂಜಣ್ಣ ಅದನ್ನು ಸಂದಿಗೆ ತೂರಿಸಿದ. ಮೆಲ್ಲಗೆ ಎಳೆದ. ಮುಖದಲ್ಲಿ ಆ ಹಳೆಯ ಸಮಾಧಾನವೇ ಇತ್ತು. "ಹಾಂ... ನೋಡು, ಎಂಗೆ ಇಡೀತಾ ಐತೆ. ಬೆರಳು ಸುಳ್ಳೇಳಾಕಿಲ್ಲ ಕಣ್ಲಾ."

"ಸರ್ಯಾಗಿ ನೋಡು ಮೇಸ್ತ್ರಿ," ಎಂದ ಶಿವರಾಜು. "ಇನ್ನೊಂದ್ ಕಿತ ಎಳುದ್ ನೋಡು."

ಅವನು ಇನ್ನೊಮ್ಮೆ ಎಳೆದ. ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರೇ ಇಲ್ಲ. ಅವನಿಂದ ಬೈಸಿಕೊಂಡವರೆಲ್ಲ ತೊಡೆ ತಟ್ಟಿಕೊಂಡು ನಕ್ಕರು. ನಂಜಣ್ಣ ಕಣ್ಣು ಬಿಟ್ಟ. ಕೈಯಲ್ಲಿದ್ದ ಹಸಿರು ಗರಿಯನ್ನು ನೋಡಿದ. ತಿರುಗಿಸಿ ಮತ್ತೆ ನೋಡಿದ. "ಪೊರಕೆ ಕಟ್ಟಕ್ಕೆ ಓಗು ಮೇಸ್ತ್ರಿ, ಅದ್ಕೆ ಬೆರಳು ಬ್ಯಾಡ" ಎಂದ ಶಿವರಾಜು. ಅವನ ಹೆಂಡತಿ ಮಗುವಿನ ಕೈ ಹಿಡಿದು ಒಳಗೆ ಹೋದಳು. ಅವಳು ನಗಲಿಲ್ಲ.

ನಂಜಣ್ಣ ಗರಿಯನ್ನು ಕೆಳಗಿಟ್ಟ. ಗೇಜಿಗಾಗಿ ಕೈ ಚಾಚಿದ, ಈ ಸಲ ಕಣ್ಣು ತೆರೆದೇ. ಇಸಿದುಕೊಂಡು ಚೀಲಕ್ಕೆ ಹಾಕಿ ಹೊರಟ. ಆಮೇಲೆ ಸುತ್ತಲ ಯಾವ ಊರಿನವರೂ ಅವನನ್ನು ಕರೆಯಲಿಲ್ಲ. ತೆಂಗಿನ ಗರಿಯ ಕಥೆ ಅವನ ಮೊಪೆಡ್ಡಿಗಿಂತ ಮುಂಚೆ ಕೊಣನೂರು ಸೇರಿತ್ತು.

ಶಿವರಾಜು ಹಾಸನದಿಂದ ಹೊಸ ಗೇಜು ತಂದು ವಾಲ್ವುಗಳನ್ನು ತಾನೇ ಬಿಗಿದ. ಟಕಟಕ ಪೂರ್ತಿ ನಿಲ್ಲುವತನಕ ಬಿಗಿದ. "ಹೊಲಿಗೆ ಮಿಷನ್ನಿಗಿಂತ ನೈಸಾಗೈತೆ" ಎಂದು ಬಂದವರೆಲ್ಲ ಹೊಗಳಿದರು.

ಆ ವಾರ ಕೊಣನೂರು ಸಂತೆಗೆ ಹೋದವಳಿಗೆ ನಂಜಣ್ಣ ಟೀ ಅಂಗಡಿಯ ಬೆಂಚಿನಲ್ಲಿ ಸಿಕ್ಕ. ಶರಟು ಹೆಗಲಿಂದ ಜೋತುಬಿದ್ದಿತ್ತು. ಬೆರಳುಗಳ ತುದಿಯಲ್ಲಿ ಬೊಬ್ಬೆ ಒಡೆದ ಗಾಯಗಳು.

"ಟ್ರಾಕ್ಟ್ರು ಎಂಗೈತವ್ವ?"

"ಓಡ್ತಾ ಇದೆ ನಂಜಣ್ಣ. ಶಿವರಾಜೂನೇ ಬಿಗಿದ."

"ಸದ್ದು?"

"ಒಂಚೂರೂ ಇಲ್ಲ. ತಣ್ಣಗಿದೆ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಕ್ಕ. ಅಷ್ಟು ಮನಸಾರೆ ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. "ಶಾನೆ ಒಳ್ಳೇದಾಯ್ತು. ಭೇಷ್ ಅಂದೆ ಅಂತ ಏಳವ್ವ ಅವಂಗೆ. ಅಂಗೇ ಓಡುಸ್ಲಿ, ಯಾರ್ ಕೈಲೂ ಮುಟ್ಟುಸ್ಬ್ಯಾಡ ಅನ್ನು." ಹೊಗೆಯಾಡುವ ಲೋಟವನ್ನು ಬರಿಗೈಯಲ್ಲೇ ಎತ್ತಿ ಟೀ ಕುಡಿದ. ಅವನನ್ನು ನೋಡಿದ್ದು ಅದೇ ಕೊನೆ. ಹಬ್ಬದ ಹೊತ್ತಿಗೆ ತೀರಿಹೋದ.

ಅವತ್ತು ಸಂತೆಯಿಂದ ಮನೆಗೆ ಬಂದವಳು ಅವನು ಹೇಳಿದ್ದನ್ನೂ ಹೇಳಿದೆ, ಸದ್ದು ತಣ್ಣಗಾದರೆ ಹೆದರಬೇಕೆಂಬ ಅವನ ಹಳೆಯ ಮಾತನ್ನೂ ನೆನಪಿಸಿದೆ. ಶಿವರಾಜುವಿಗೆ ಭೇಷ್ ಒಂದೇ ಕೇಳಿಸಿತು. "ನೋಡಿದ್ರಾ ಅತ್ಗೆ, ಮುದುಕ ಕೊನೆಗೂ ಒಪ್ಕಂಡ" ಎಂದು ಟ್ರಾಕ್ಟರು ಹತ್ತಿ ಹೊಲಕ್ಕೆ ಹೊರಟ. ನಾನು ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ತಿರುವು ದಾಟುವತನಕವೂ ಆ ಟಕಟಕ ಕೇಳಿಸಲಿಲ್ಲ.