ಅಕ್ಕನ ಹೊಟ್ಟೆನೋವು

ನಮ್ಮಕ್ಕನಿಗೆ ಚಿಕ್ಕಂದಿನಲ್ಲಿ ಪಿಟ್ಸ್ ಬರುತ್ತಿತ್ತು. ಅವ್ವ ಸೋಲೂರಿನ ಬಸ್ಸು ಹತ್ತಿಸಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು, ಜೊತೆಗೆ ನಾನು. ಬೆಂಚಿನ ಮೇಲೆ ಕೂತವರೆಲ್ಲ ನಮ್ಮ ಕಡೆಯವರೇ, ಕೇಳದೆ ಬಿಡುವವರಲ್ಲ. "ಏನವ್ವ ಮಗೀಗೆ?" ಅವ್ವ ಬಾಯಿ ತೆರೆಯುವ ಮೊದಲೇ ಡಾಕ್ಟರು ಒಳಗಿನಿಂದ ಕೂಗುತ್ತಿದ್ದರು: "ಹೊಟ್ಟೆನೋವು ಕಣಮ್ಮೋ! ಹಸಿ ಮಾವಿನಕಾಯಿ ತಿಂದವ್ಳೆ." ವರ್ಷವೆಲ್ಲ ಮಾವಿನಕಾಯಿ ಎಲ್ಲಿ ಸಿಗುತ್ತಿತ್ತೋ! ಅವ್ವ ಮನಸ್ಸಿನಲ್ಲೇ ಅವರಿಗೆ ಕೈ ಮುಗಿಯುತ್ತಿದ್ದಳು.

ಕಾಯಿಲೆ ವಾಸಿಯಾಯಿತು. ಮಾತ್ರೆ ನಿಂತು ಎಷ್ಟೋ ವರ್ಷದ ಮೇಲೆ ಅಕ್ಕನನ್ನು ಕಲ್ಯದ ಕಡೆಯ ಒಂದು ಊರಿಗೆ ಕೊಟ್ಟೆವು. ಪಿಟ್ಸಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಯಾರು ತಂದುಕೊಳ್ಳುತ್ತಿದ್ದರು?

ಆಮೇಲೆ ಡಾಕ್ಟರು ಎಲೆಕ್ಷನ್ನಿಗೆ ನಿಂತರು. ನಾನು ಬಾವುಟ ಹಿಡಿದು ಅವರ ಹಿಂದೆಯೇ ಅಲೆದೆ. ಅಕ್ಕನ ಊರಿಗೆ ಜೀಪು ಬಂದಾಗ, "ಲೇ, ನಿಮ್ಮಕ್ಕನ ಮನೆ ಯಾವ್ದ್ಲಾ?" ಅಂದರು. ತೋರಿಸಿದವನು ನಾನೇ. ಹೆಮ್ಮೆಯಿಂದ ತೋರಿಸಿದೆ.

ಅಕ್ಕ ಆರತಿ ತಟ್ಟೆ ಹಿಡಿದು ಬಂದಳು, ಪಕ್ಕದಲ್ಲಿ ಅವಳ ಅತ್ತೆ. ಡಾಕ್ಟರು ಅಕ್ಕನ ತಲೆ ಮೇಲೆ ಕೈಯಿಟ್ಟು ಮೈಕು ಹಿಡಿದರು: "ಈ ಹೆಣ್ಮಗಳು ನೊರೆ ಕಾರ್ಕೊಂಡು ಬಿದ್ದು ಒದ್ದಾಡ್ತಿದ್ಲು. ಪಿಟ್ಸು! ಉಳಿಸ್ದೋನು ಯಾರು? ನೀವೇ ಹೇಳಿ!" ಜನ ಚಪ್ಪಾಳೆ ತಟ್ಟಿದರು. ಅತ್ತೆ ಅಕ್ಕನ ಕೈಯಿಂದ ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡರು. ದೀಪ ಉರಿಯುತ್ತಿತ್ತಲ್ಲ.

ಅವತ್ತಿನಿಂದ ಅಕ್ಕನನ್ನು ಒಲೆ ಹತ್ತಿರ ಬಿಟ್ಟಿಲ್ಲ. "ಬೆಂಕಿ ಸಾವಾಸ ನಿಂಗ್ಯಾಕವ್ವ" ಅನ್ನುತ್ತಾರೆ, ಬಲು ಮೆತ್ತಗೆ. ಹೆತ್ತ ಕೂಸಿಗೆ ನೀರು ಹುಯ್ಯುವುದಕ್ಕೂ ಬಿಡರು. ಮುದ್ದೆ ಕಟ್ಟುವುದರಲ್ಲಿ ಎತ್ತಿದ ಕೈ ಅವಳದು. ಈಗ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ. ಬೈದಿದ್ದರೂ ವಾಸಿಯಿತ್ತು.

ಡಾಕ್ಟರು ಗೆದ್ದರು. ಹಾರ ಹಾಕಿಕೊಂಡು, ಫೋಟೋದವನ ಸಮೇತ ಮತ್ತೆ ಅದೇ ಬಾಗಿಲಿಗೆ ಬಂದರು. ನಾನೂ ಅಲ್ಲಿದ್ದೆ. ನನ್ನ ಹೆಗಲ ಮೇಲೆ ಕೈ ಹಾಕಿದರು. ನಮ್ಮ ಜ್ವರ ಮುಟ್ಟಿ ನೋಡುತ್ತಿದ್ದ ಕೈ, ಈಗ ಸೆಂಟು ನಾರುತ್ತಿತ್ತು. ಹೆಗಲು ಜಾರಿಸಿಕೊಂಡೆ. ಮನೆ ತೋರಿಸಿದ ನನ್ನ ಬೆರಳು ಕಂಡರೂ ಅಷ್ಟೇ ಅಸಹ್ಯ.

"ಎಲ್ಲಿ ನಮ್ ಪೇಷೆಂಟು? ಕರೀಲಾ, ಒಂದ್ ಫೋಟೋ ತೆಗೆಸ್ಬುಡಾನ."

ಮನೆಯೊಳಗಿಂದ ಹಿತ್ತಲಿಗೆ ಹೋದೆ. ಅಕ್ಕ ತಲೆ ಎತ್ತದೆ, ಕಾಳು ಬಿಡಿಸುತ್ತಲೇ ಅಂದಳು: "ಹೊಟ್ಟೆನೋವಂತೆ ಅಂತ ಹೇಳ್ಬುಡಪ್ಪ."

ಹೊರಗೆ ಬಂದು, ಆ ಕಾಲದಲ್ಲಿ ಅವರು ಕೂಗುತ್ತಿದ್ದಷ್ಟೇ ಜೋರಾಗಿ ಕೂಗಿದೆ: "ಹೊಟ್ಟೆನೋವಂತೆ ಡಾಕ್ಟ್ರೇ!"

ಅವರಿಗೆ ಏನೂ ನೆನಪಾಗಲಿಲ್ಲ. "ಒಸಿ ಜೀರಿಗೆ ಕಷಾಯ ಕುಡಿಸ್ಲಾ" ಅಂದು, ಹಾರ ಸರಿಮಾಡಿಕೊಂಡು ಪಕ್ಕದ ಮನೆಗೆ ನಡೆದರು.