ಬಿರಿದ ಅಚ್ಚಿನ ನಾಲ್ಕಾಣೆ

ಸೇತುರಾಮ ಶಿವಬಸಪ್ಪನವರನ್ನು ಮೊದಲು ಕಂಡದ್ದು ೧೯೭೬ರ ಶ್ರಾವಣದ ಒಂದು ಸಂಜೆ, ರಾಜಾಜಿನಗರದಲ್ಲಿದ್ದ ಅವರ ಗಡಿಯಾರ ರಿಪೇರಿ ಅಂಗಡಿಯಲ್ಲಿ. ನಿಂತುಹೋದ ಕೈಗಡಿಯಾರ ಹಿಡಿದು ಬಂದವನತ್ತ ಅವರು ತಲೆ ಎತ್ತಲಿಲ್ಲ. ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನಾಲ್ಕಾಣೆಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದಿದ್ದರು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಪಕ್ಕದಲ್ಲಿ ಆರಿ ಕೆನೆಗಟ್ಟಿದ ಚಹಾ.

"ಉಗುರಿಂದ ಸವರಿ ನೋಡ್ರಿ. ಗೆರಿ ಉಬ್ಬೇತೋ, ತಗ್ಗೇತೋ?" ಎಂದು ನಾಣ್ಯದ ಮೇಲಿನ ಗೆರೆ ತೋರಿಸಿ ಅವನ ಕೈಗೆ ಕೊಟ್ಟರು.

"ಉಬ್ಬಿದೆ ಸಾರ್."

"ತಗ್ಗಿದ್ರ ಯಾರೋ ಗೀಚ್ಯಾರ. ಉಬ್ಬಿದ್ರ ಟಂಕಸಾಲ್ಯಾಗ ಅಚ್ಚು ಬಿರದೈತಿ, ಆ ಬಿರುಕಿನ್ಯಾಗ ಲೋಹ ಹೊಕ್ಕೈತಿ."

ಅಂದಿನಿಂದ ಸೇತುರಾಮ ಬ್ಯಾಂಕಿನ ಕೆಲಸ ಮುಗಿಸಿ ಅಲ್ಲೇ ಬಂದು ಕೂರತೊಡಗಿದ. ಒಂದೇ ಅಚ್ಚಿನಿಂದ ಬಂದ ನಾಲ್ಕಾಣೆಗಳನ್ನು ಶಿವಬಸಪ್ಪನವರು ವರ್ಷಗಳಿಂದ ಕೂಡಿಸುತ್ತಿದ್ದರು. ಒಂದರಲ್ಲಿ ಬಿರುಕು ಕೂದಲೆಳೆಯಷ್ಟು, ಮುಂದಿನದರಲ್ಲಿ ಉದ್ದ, ಅದರ ಮುಂದಿನದರಲ್ಲಿ ಕವಲು. ಅಚ್ಚಿನ ಚೂರೇ ಉದುರಿದ ಮೇಲೆ ಮುದ್ರೆಯಾದ, ಆ ಜಾಗದಲ್ಲಿ ಲೋಹದ ಗಂಟು ಎದ್ದ ಕೊನೆಯ ನಾಣ್ಯವೊಂದು ಮಾತ್ರ ಸಿಕ್ಕಿರಲಿಲ್ಲ. ನವೆದುಹೋದ ಹಳೆಯ ಕಾಸನ್ನು ಅಪರೂಪವೆಂದು ಹೊತ್ತು ತರುವವರಿಗೆ, "ಇದು ಅಚ್ಚಿನ ಸವಕಳಿ ಅಲ್ರೀ, ನಿಮ್ಮ ಕಿಸೇದ ಸವಕಳಿ" ಎಂದು ಹೇಳಿ ಹೇಳಿ ಅವರಿಗೂ ಸಾಕಾಗಿತ್ತು.

ಕೊನೆಗೊಂದು ಸೋಮವಾರ ಹೂವಿನವಳು ಕೊಟ್ಟ ಚಿಲ್ಲರೆಯಲ್ಲಿ ಆ ನಾಣ್ಯ ಬಂತು. ಮನೆಗೆ ಒಯ್ದು, ಜೋಪಾನವಾಗಿರಲಿ ಎಂದು ದೇವರ ಜಗಲಿಯ ಮೇಲಿಟ್ಟರು. ಹೆಂಡತಿ ನೀಲಮ್ಮನವರಿಗೆ ಹೇಳಲಿಲ್ಲ.

ಮರುದಿನ ನಾಣ್ಯ ನೋಡಲು ಮನೆಗೆ ಬಂದ ಸೇತುರಾಮನಿಗೆ ಕಂಡದ್ದು ಬರಿದಾದ ಜಗಲಿ. ಮಧ್ಯಾಹ್ನ ಕೆಂಗೇರಿಯಿಂದ ಬಂದಿದ್ದ ಸಂಬಂಧಿಕರ ಮಗಳು, ಬಸುರಿ ಶಾಂತವ್ವನಿಗೆ ನೀಲಮ್ಮನವರು ಅಕ್ಕಿ, ಕೊಬ್ಬರಿ, ರವಿಕೆ ಕಣದ ಜೊತೆ ಆ ನಾಣ್ಯವನ್ನೂ ಹಾಕಿ ಉಡಿ ತುಂಬಿ ಕಳಿಸಿದ್ದರು.

"ಜಗಲಿ ಮ್ಯಾಲಿನ ರೊಕ್ಕ ಉಡಿಗಲ್ದ ಮತ್ಯಾತಕ್ಕ ಅಂತ ತಿಳೀಬೇಕ್ರಿ ನಾನು?" ಎಂದರು ನೀಲಮ್ಮ.

"ನಾನ್ ಹೋಗಿ ಬೇರೆ ನಾಲ್ಕಾಣೆ ಕೊಟ್ಟು ಇಸ್ಕೊಂಡ್ ಬರ್ತೀನಿ ಸಾರ್," ಎಂದ ಸೇತುರಾಮ.

"ಅಯ್ಯ ನಮ್ಮಪ್ಪ! ತುಂಬಿದ ಉಡಿಗೆ ಯಾರರ ಕೈ ಹಾಕ್ತಾರೇನು?" ಎಂದು ನೀಲಮ್ಮ ತಡೆದರು.

ಸೇತುರಾಮ ಶಿವಬಸಪ್ಪನವರ ಮುಖ ನೋಡಿದ.

"ಬ್ಯಾಡ ತಮ್ಮಾ. ಚೊಚ್ಚಲ ಬಸುರಿ, ಮನಸ್ಸಿನ್ಯಾಗ ಏನರ ಹೊಕ್ಕೀತು."

"ಇನ್ನೊಂದು ಸಿಕ್ಕೇ ಸಿಗುತ್ತೆ ಸಾರ್."

"ಸಿಕ್ಕೀತು. ಹುಡುಕೋ ಕಣ್ಣು ದಣದಾವು."

ಉಳಿದ ನಾಣ್ಯಗಳನ್ನು ಅವರು ಗಿರಾಕಿಗಳಿಗೆ ಚಿಲ್ಲರೆಯಾಗಿ ಕೊಟ್ಟು ಮುಗಿಸಿದರು. ಸೇತುರಾಮ ಒಂದನ್ನು ಕೇಳಿದಾಗ ನಕ್ಕರೇ ಹೊರತು ಕೊಡಲಿಲ್ಲ.

ಶಿವಬಸಪ್ಪನವರು ಆಮೇಲೂ ಅದೇ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಂದ ಕಾಸನ್ನು ತಿರುಗಿಸಿ ನೋಡದೆ ಡಬ್ಬಿಗೆ ಹಾಕುತ್ತಿದ್ದರು.